ಒಂದೇ ರೂಮು, ಎರಡು ತೆರಿಗೆ

ಓದುಗರ ಪತ್ರ: ಹವಾಯಿಯಲ್ಲಿ ಹೋಟೆಲ್ ರೂಮಿನ ಬಾಡಿಗೆ ಮೇಲೆ ರಾಜ್ಯ ಒಂದು ತೆರಿಗೆ ಹಾಕುತ್ತದೆ, ಕೌಂಟಿ, ಅಂದರೆ ಜಿಲ್ಲೆಯಂಥ ಸ್ಥಳೀಯ ಆಡಳಿತ, ಇನ್ನೊಂದು ಹಾಕುತ್ತದೆ. ಒಂದೇ ತೆರಿಗೆ ಹಾಕಿ ಇಬ್ಬರೂ ಹಂಚಿಕೊಂಡರೆ ಆಗಲ್ವಾ? ಅದೂ ಸಾಲದು ಅಂತ ಬಿಲ್ಲಿನಲ್ಲಿ ಮೂರನೆಯದೂ ಒಂದಿರುತ್ತದಲ್ಲ, ಅದೇನು?

ಸಂಪಾದಕರ ಉತ್ತರ: ಹಂಚಿಕೊಳ್ಳುತ್ತಿದ್ದರು. ಮೂವತ್ತು ವರ್ಷ ಹಂಚಿಕೊಂಡೇ ಇದ್ದರು. ಆಮೇಲೆ ಜಗಳವಾಗಿ ಒಲೆ ಬೇರೆಯಾಯಿತು.

ಈ ತೆರಿಗೆ ಶುರುವಾದದ್ದು 1987ರಲ್ಲಿ, ಬಾಡಿಗೆಯ ಶೇ. 5ರಷ್ಟು. 1990ರ ಕಾನೂನು ವಸೂಲಾದದ್ದರಲ್ಲಿ ಶೇ. 95ನ್ನು ಕೌಂಟಿಗಳಿಗೇ ಕೊಟ್ಟಿತು. ಅದಕ್ಕೆ ಕಾರಣವಿತ್ತು. ಹವಾಯಿಯಲ್ಲಿ ಕೌಂಟಿಯ ಕೆಳಗೆ ಬೇರೆ ಪುರಸಭೆ ಇಲ್ಲ. ಪ್ರವಾಸಿ ಸ್ನಾನ ಮಾಡಿದ ನೀರು, ಬಿಸಾಡಿದ ಕಸ, ಓಡಾಡಿದ ಬೀದಿ, ಪೊಲೀಸು, ಅಗ್ನಿಶಾಮಕ ದಳ, ಕಡಲತೀರದಲ್ಲಿ ಮುಳುಗುವವರನ್ನು ಎತ್ತುವ ಜೀವರಕ್ಷಕರು, ಎಲ್ಲ ಕೌಂಟಿಯ ತಲೆಗೇ. 2019ರಲ್ಲಿ ಬಂದ ಪ್ರವಾಸಿಗರು ಒಂದು ಕೋಟಿಗೂ ಜಾಸ್ತಿ, ಅಲ್ಲೇ ಬದುಕುವವರು ಸುಮಾರು 14 ಲಕ್ಷ. ಹಾಗಂತ ಕೌಂಟಿ ತನಗೆ ಬೇಕಾದ ತೆರಿಗೆ ಹಾಕಿಕೊಳ್ಳುವ ಹಾಗಿಲ್ಲ. ರಾಜ್ಯದ ಸಂವಿಧಾನ ಅದಕ್ಕೆ ಬಿಟ್ಟುಕೊಟ್ಟಿರುವುದು ಆಸ್ತಿ ತೆರಿಗೆ ಮಾತ್ರ. ಉಳಿದದ್ದಕ್ಕೆಲ್ಲ ರಾಜ್ಯ ಒಪ್ಪಬೇಕು.

1999ರಲ್ಲಿ ತೆರಿಗೆ ಶೇ. 7.25ಕ್ಕೆ ಏರಿತು. ಕೌಂಟಿಗಳ ಪಾಲು ಶೇ. 44.8 ಆಯಿತು. ಉಳಿದದ್ದು ಪ್ರವಾಸೋದ್ಯಮದ ಪ್ರಚಾರಕ್ಕೆ, ಸಮಾವೇಶ ಕೇಂದ್ರಕ್ಕೆ ಅಂತ ಹೋಯಿತು. ಇಲ್ಲಿ ಒಂದು ಲೆಕ್ಕ ಇಟ್ಟುಕೊಳ್ಳಿ: ನೂರು ಡಾಲರ್ ರೂಮಿಗೆ ಕೌಂಟಿಗಳ ಕೈಗೆ ಮೂರೂಕಾಲು ಡಾಲರ್ ಸಿಗುತ್ತಿತ್ತು.

ಕೆಟ್ಟದ್ದು ಆಮೇಲೆ. ಆರ್ಥಿಕ ಹಿಂಜರಿತ ಬಂತು. 2009 ಮತ್ತು 2010ರಲ್ಲಿ ತೆರಿಗೆ ಒಂದೊಂದು ಅಂಶ ಏರಿ ಶೇ. 9.25 ಆಯಿತು. ಏರಿದ್ದು ಪೂರ್ತಿ ರಾಜ್ಯದ ಖಜಾನೆಗೆ. 2011ರಲ್ಲಿ ಇನ್ನೊಂದು ಹೆಜ್ಜೆ. ಕೌಂಟಿಗಳಿಗೆ ಇನ್ನು ಶೇಕಡಾ ಲೆಕ್ಕವಿಲ್ಲ, ಎಲ್ಲಕ್ಕೂ ಸೇರಿ ವರ್ಷಕ್ಕೆ 9.3 ಕೋಟಿ ಡಾಲರ್, ಅದರ ಮೇಲೆ ಒಂದು ಕಾಸೂ ಇಲ್ಲ. ಮುಂದೆ ಇದು 10.3 ಕೋಟಿಗೆ ಬಂದು ನಿಂತಿತು. ಅಷ್ಟರಲ್ಲಿ ಪ್ರವಾಸಿಗರು ಹೆಚ್ಚಿದರು, ಬಾಡಿಗೆ ಏರಿತು, 2018ರಲ್ಲಿ ಹೊನೊಲುಲು ನಗರದ ರೈಲು ಯೋಜನೆಗಾಗಿ ತೆರಿಗೆ ಶೇ. 10.25 ಆಯಿತು. ವಸೂಲಿ ವರ್ಷಕ್ಕೆ ಸುಮಾರು 60 ಕೋಟಿ ಡಾಲರ್ ಮುಟ್ಟಿತು. ಈಗ ಅದೇ ನೂರು ಡಾಲರ್ ರೂಮಿನ ಲೆಕ್ಕ ಹಾಕಿ. ಕೌಂಟಿಗಳಿಗೆ ಸಿಕ್ಕಿದ್ದು ಒಂದೂಮುಕ್ಕಾಲು ಡಾಲರ್ ಅಷ್ಟೇ.

ನನ್ನ ಮಟ್ಟಿಗೆ ಹಂಚಿಕೆ ಮುರಿದದ್ದು ಇಲ್ಲಿಯೇ, 2011ರಲ್ಲಿ. ಜನ ಹೆಚ್ಚಿದಂತೆ ಕಸ ಹೆಚ್ಚುತ್ತದೆ, ಕಸ ಎತ್ತುವವರಿಗೆ ಕೊಡುವ ದುಡ್ಡು ಮಾತ್ರ ಕದಲುವುದಿಲ್ಲ ಅಂದರೆ ಅದು ಪಾಲು ಅನ್ನಿಸಿಕೊಳ್ಳುವುದಿಲ್ಲ.

ರಾಜ್ಯವೇನೂ ಸುಮ್ನೆ ಕಿತ್ತುಕೊಂಡಿತು ಅಂತಲ್ಲ. ಹವಾಯಿಯಲ್ಲಿ ಸರ್ಕಾರಿ ಶಾಲೆಗಳನ್ನೆಲ್ಲ ರಾಜ್ಯವೇ ನಡೆಸುತ್ತದೆ. ಅಮೆರಿಕದಲ್ಲಿ ಬೇರೆಲ್ಲೂ ಹೀಗಿಲ್ಲ. ವಿಮಾನ ನಿಲ್ದಾಣ, ಬಂದರು ಕೂಡ ಅದರದೇ. ಯಾರ ಖರ್ಚು ಎಷ್ಟು ಅಂತ ನೋಡಲು ಒಂದು ತಂಡ ಕೂತಿತ್ತು. ಕೆಲವು ನಿಧಿಗಳನ್ನು ತೆಗೆದಿಟ್ಟು, ಉಳಿದದ್ದರಲ್ಲಿ ರಾಜ್ಯಕ್ಕೆ 55, ಕೌಂಟಿಗಳಿಗೆ 45 ಅಂತ ಅದು 2015ರಲ್ಲಿ ಹೇಳಿತು. ಶಾಸಕರು ಅದನ್ನು ಜಾರಿಗೆ ತರಲಿಲ್ಲ.

2020ರಲ್ಲಿ ಕೋವಿಡ್ ಬಂತು. ರೂಮುಗಳು ಖಾಲಿ. ಗವರ್ನರ್ ಕೌಂಟಿಗಳ ಪಾಲನ್ನು ನಿಲ್ಲಿಸಿಯೇಬಿಟ್ಟರು. ಮರುವರ್ಷ ಶಾಸನಸಭೆ ಪಾಲನ್ನೇ ರದ್ದು ಮಾಡಿ, ಬೇಕಿದ್ದರೆ ನೀವೇ ಶೇ. 3ರವರೆಗೆ ಹಾಕಿಕೊಳ್ಳಿ, ನೀವೇ ವಸೂಲಿ ಮಾಡಿಕೊಳ್ಳಿ ಅಂದಿತು. ಗವರ್ನರ್ ಡೇವಿಡ್ ಇಗೆ ಅದಕ್ಕೆ ವೀಟೋ ಹಾಕಿದರು. ಶಾಸನಸಭೆ ವೀಟೋವನ್ನು ತಳ್ಳಿಹಾಕಿತು. 2022ರ ಜನವರಿ ಹೊತ್ತಿಗೆ ನಾಲ್ಕೂ ಕೌಂಟಿಗಳು ಪೂರ್ತಿ ಶೇ. 3 ಹಾಕಿದ್ದವು. ನೀವು ಕೇಳಿದ ಎರಡನೆಯ ತೆರಿಗೆ ಇದೇ. ಮೂರೂಕಾಲರಿಂದ ಒಂದೂಮುಕ್ಕಾಲಕ್ಕೆ ಇಳಿದಿದ್ದವರು ಮೂರಕ್ಕೆ ಬಂದರು. ರಾಜ್ಯ ತನ್ನ 10.25ರಲ್ಲಿ ಒಂದಿಷ್ಟೂ ಇಳಿಸಲಿಲ್ಲವಾದ್ದರಿಂದ ಕೈಯಿಂದ ಹೋದದ್ದು ಪ್ರವಾಸಿಯದು.

ಕೌಂಟಿಗೆ ಸ್ವಂತ ಜೇಬು ಸಿಕ್ಕಿತಲ್ಲ, ಒಳ್ಳೆಯದೇ ಅಲ್ವಾ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು, ಮಾವಿ ಕೌಂಟಿಯನ್ನು ನೋಡುವವರೆಗೆ. 2023ರ ಆಗಸ್ಟ್ 8ರಂದು ಅಲ್ಲಿನ ಲಹೈನಾ ಊರು ಸುಟ್ಟುಹೋಯಿತು. ನೂರಕ್ಕೂ ಹೆಚ್ಚು ಜನ ಸತ್ತರು. ಪಶ್ಚಿಮ ಮಾವಿಗೆ ಎರಡು ತಿಂಗಳು ಪ್ರವಾಸಿಗರು ಬರುವ ಹಾಗಿರಲಿಲ್ಲ. ಕೌಂಟಿಗೆ ದುಡ್ಡು ತೀರಾ ಬೇಕಾದ ಹೊತ್ತಿನಲ್ಲೇ ಅದರ ಸ್ವಂತ ರೂಮು ತೆರಿಗೆಗೆ ಪೆಟ್ಟು ಬಿತ್ತು. ಹಳೆಯ ಪದ್ಧತಿಯಲ್ಲಿ ಹೊನೊಲುಲುವಿನ ರೂಮು ತುಂಬಿದರೂ ಕೌಂಟಿಗಳ ಪಾಲಿನಲ್ಲಿ ಮಾವಿಗೆ ತನ್ನ ಶೇ. 22.8 ಬರುತ್ತಿತ್ತು. ಆದರೆ 2020ರಲ್ಲಿ ಆ ನಲ್ಲಿಯನ್ನು ಮೇಲಿನವರು ತಿರುಗಿಸಿದರು, ಅದೂ ನಿಜ. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹಂಚಿಕೊಳ್ಳುವುದೇ ಸರಿ, ಆದರೆ ಶೇಕಡಾ ಲೆಕ್ಕದಲ್ಲಿ. ಮೇಲಿನ ಮಿತಿ ಬೇಡ, ಕೆಳಗಿನ ಮಿತಿ ಬೇಕು. ಇಷ್ಟಕ್ಕಿಂತ ಕಡಿಮೆ ಕೊಡುವಂತಿಲ್ಲ ಅಂತ ಕಾನೂನಿನಲ್ಲೇ ಬರೆದಿರಬೇಕು.

ಇನ್ನು ಆ ಮೂರನೆಯದು. ಅದು ರೂಮಿಗೇ ಅಂತ ಹಾಕಿದ್ದಲ್ಲ. ಅಲ್ಲಿ ಎಲ್ಲ ವ್ಯಾಪಾರಕ್ಕೂ ಇರುವ ಶೇ. 4ರ ಎಕ್ಸೈಸ್ ತೆರಿಗೆ, ಕೌಂಟಿಯ ಅರ್ಧ ಸೇರಿ ನಾಲ್ಕೂವರೆ. ಅಂಗಡಿಯವರ ಹಾಗೆ ಹೋಟೆಲಿನವರೂ ಅದನ್ನು ಗಿರಾಕಿಗೆ ದಾಟಿಸುತ್ತಾರೆ. ಪರಿಸರದ ಕೆಲಸಕ್ಕೆ ಅಂತ 2026ರ ಜನವರಿಯಿಂದ ರಾಜ್ಯದ ರೂಮು ತೆರಿಗೆ ಶೇ. 11 ಆಗಿದೆ. ಮೂರನ್ನೂ ಕೂಡಿದರೆ ನೂರು ಡಾಲರ್ ರೂಮಿಗೆ ಸುಮಾರು ಹದಿನೆಂಟೂವರೆ ಡಾಲರ್.