ಅಂಗಳದ ಮದುವೆಗೆ ಯಾವ ಲೆನ್ಸ್?

ಪ್ರಶ್ನೆ: ತಂಗಿಯ ಮದುವೆ ಮನೆಯಂಗಳದ ಚಪ್ಪರದಲ್ಲೇ. ನನ್ನ ಬಳಿ ನಿಕಾನ್ ಡಿ5600, ಅದರ ಜೊತೆ ಬಂದ 18–55 ಲೆನ್ಸ್ ಇದೆ. ಚಪ್ಪರದೊಳಗೆ ಮುಖಗಳು ಅಲುಗಿದಂತೆ ಬರುತ್ತವೆ. ಇನ್ನೊಂದೇ ಲೆನ್ಸ್ ಕೊಳ್ಳಬಲ್ಲೆ. ಮುಖಕ್ಕೆ 85 ಎಂಎಂ ಒಳ್ಳೆಯದಂತೆ, ತರಲೇ?
– ಓದುಗರು, ಶಿರಸಿ

ಉತ್ತರ: ಬೇಡ. 85ರ ಹೊಗಳಿಕೆಯೆಲ್ಲ ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾ ಇರುವವರದ್ದು. ನಿಮ್ಮದು ಕ್ರಾಪ್ ಸೆನ್ಸರ್, ಅಂದರೆ ಅದಕ್ಕಿಂತ ಚಿಕ್ಕದು, ಅದರಲ್ಲಿ 85 ಹಾಕಿದರೆ ಸುಮಾರು 128ರಷ್ಟು ಕಿರಿದಾದ ನೋಟ ಸಿಗುತ್ತದೆ. ಕ್ಯಾಮೆರಾ ಉದ್ದಕ್ಕೆ ಹಿಡಿದರೂ ನಿಂತವರನ್ನು ಪಾದದಿಂದ ತಲೆಯವರೆಗೆ ತೆಗೆಯಲು 24 ಅಡಿ ಹಿಂದೆ ಸರಿಯಬೇಕು. ಅಷ್ಟರಲ್ಲಿ ನಡುವೆ ಅರ್ಧ ಊರೇ ಬಂದು ನಿಂತಿರುತ್ತದೆ. 50ಕ್ಕೆ 14 ಅಡಿ ಸಾಕು, 35ಕ್ಕೆ 10.

ನಮ್ಮ ಮತ 50 ಎಂಎಂ ಎಫ್/1.8ಕ್ಕೆ. ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು. ಹಳೆಯ ಲೆನ್ಸ್ 55ರಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯದು. ಇದು ಅದರ ಹತ್ತರಷ್ಟು ಬೆಳಕು ಬಿಡುತ್ತದೆ. ಕೊಳ್ಳುವ ಮೊದಲು 18–55ರ ಉಂಗುರವನ್ನು 45 ಮತ್ತು 55ರ ನಡುವೆ ಇಟ್ಟು, ಟೇಪ್ ಅಂಟಿಸಿ ಅಂಗಳದಲ್ಲಿ ಓಡಾಡಿ. ಬೆನ್ನು ಜಗಲಿಗೆ ತಾಗಿದರೆ 35 ಎಫ್/1.8 ತನ್ನಿ. ಯಾವುದೇ ಆಗಲಿ, ಮೇಲೆ ‘ಎಎಫ್-ಎಸ್’ ಎಂದು ಬರೆದಿರಬೇಕು, ಫೋಕಸ್ ಮೋಟಾರ್ ಲೆನ್ಸಿನೊಳಗೇ ಇದೆ ಎಂದು ಅದರರ್ಥ. ಹಳೆಯ ಡಿ ಮಾದರಿಯ ಎಎಫ್ ಲೆನ್ಸನ್ನು ತಿರುಗಿಸುವ ಮೋಟಾರ್ ಡಿ5600ರಲ್ಲಿಲ್ಲ, ಫೋಕಸ್ ಕೈಯಲ್ಲೇ ಮಾಡಬೇಕು. ತಾಳಿ ಕಟ್ಟುವ ಹೊತ್ತಿಗೆ ಅದು ಆಗುವ ಕೆಲಸವಲ್ಲ.

1.8 ಇದೆಯೆಂದು ಎಲ್ಲವನ್ನೂ 1.8ರಲ್ಲೇ ಹೊಡೆಯಬೇಡಿ. 50ರಲ್ಲಿ 6 ಅಡಿಯಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ 4 ಇಂಚಿನಷ್ಟೇ: ಮದುಮಗಳ ಕಣ್ಣು ಚೊಕ್ಕ, ಅರ್ಧ ಹೆಜ್ಜೆ ಹಿಂದಿರುವ ಮದುಮಗ ಮಸುಕು. ಒಬ್ಬರಿಗೆ 2.2, ಇಬ್ಬರಿಗೆ 4 ಇಡಿ. ಶಟರ್ ವೇಗ 1/160 ಸೆಕೆಂಡ್, ಅಕ್ಷತೆ ಬೀಳುವಾಗ 1/320. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 3200ಕ್ಕೆ ಏರಿದರೂ ಚಿಂತೆಯಿಲ್ಲ. ಕಾಳುಕಾಳಾದ ಫೋಟೊ ಆಲ್ಬಮ್ಮಿಗೆ ಸೇರುತ್ತದೆ, ಅಲುಗಿದ್ದು ಸೇರುವುದಿಲ್ಲ. ಎಲ್‌ಇಡಿ ದೀಪದಿಂದ ಅಡ್ಡಪಟ್ಟೆ ಕಂಡರೆ ಮಾತ್ರ 1/100ಕ್ಕೆ ಇಳಿಸಿ.

ನೆಂಟರ ಗುಂಪಿಗೆ ಹಳೆಯ 18–55 ಲೆನ್ಸೇ ಸರಿ. 24ಕ್ಕಿಂತ ಕೆಳಗೆ ಇಳಿಯಬೇಡಿ. 18ರಲ್ಲಿ ಅಂಚಿಗೆ ನಿಂತ ದೊಡ್ಡಮ್ಮನ ಮುಖ ಅಗಲವಾಗುತ್ತದೆ, ಆಮೇಲೆ ಉತ್ತರ ಕೊಡಬೇಕಾದವರು ನೀವೇ. ಚಪ್ಪರಕ್ಕೆ ಅಡಿಕೆ ಸೋಗೆ ಹೊದೆಸಿದರೆ ಒಳ್ಳೆಯದೇ. ಕೆಂಪು, ಹಳದಿ ಬಟ್ಟೆಯಾದರೆ ಆ ಬಣ್ಣ ಮುಖಕ್ಕಿಳಿಯುತ್ತದೆ, ಯಾವ ಲೆನ್ಸೂ ತಡೆಯದು. ಮಂಟಪದ ಮೇಲಷ್ಟಾದರೂ ಬಿಳಿ ಬಟ್ಟೆ ಕಟ್ಟಿಸಿ.

ಪ್ರಶ್ನೆ: ಎ.ಸಿ. ಹಾಲ್‌ನಿಂದ ಹೊರಬಂದ ಕೂಡಲೇ ಲೆನ್ಸಿಗೆ ಮಂಜು ಕಟ್ಟುತ್ತದೆ. ಒರೆಸಿದರೂ ಮತ್ತೆ ಬರುತ್ತದೆ.
– ಓದುಗರು, ಕಾರವಾರ

ಉತ್ತರ: ತಣ್ಣಗಾದ ಗಾಜಿಗೆ ಕಡಲಿನ ತೇವದ ಗಾಳಿ ತಾಗಿದ್ದರಿಂದ ಹೀಗಾಗುತ್ತದೆ. ಒರೆಸಬೇಡಿ, ಉಪ್ಪಿನ ಕಣವಿದ್ದರೆ ಗೀರು ಬೀಳುತ್ತದೆ. ಹಾಲ್ ಒಳಗಿರುವಾಗಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಬಿಗಿಯಾಗಿ ಕಟ್ಟಿ, ಹೊರಗೆ ತಂದು 20–30 ನಿಮಿಷ ಬಿಡಿ. ಆ ಹೊತ್ತಿನಲ್ಲಿ ಲೆನ್ಸ್ ಬಿಚ್ಚಿದರೆ ಸೆನ್ಸರಿಗೂ ಮಂಜು ಹಿಡಿಯುತ್ತದೆ. ಮಳೆಗಾಲದಲ್ಲಿ ಚರ್ಮದ ಕೇಸು ಬೇಡ, ಬೂಸ್ಟು ಮೊದಲು ಅಲ್ಲೇ ಹುಟ್ಟುತ್ತದೆ. ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿಡಿ.