ಗಾರೆಯಿಲ್ಲದ ಗುಮ್ಮಟ ನಿಂತದ್ದು ಹೇಗೆ?

ಪ್ರಶ್ನೆ: ಗ್ರೀಸ್‌ನ ಮೈಸೀನಿಯ ಜೇನುಗೂಡು ಸಮಾಧಿಗಳಲ್ಲಿ ಗಾರೆಯೂ ಇಲ್ಲ, ನಿಜವಾದ ಕಮಾನೂ ಇಲ್ಲ ಎಂದು ಓದಿದೆ. ಒಳಕ್ಕೆ ಚಾಚಿದ ಕಲ್ಲುಗಳು ಬೀಳುವುದಿಲ್ಲವೇ? ಹೂತ ಮೇಲೆ ಅಷ್ಟು ದೊಡ್ಡ ಬಾಗಿಲು ಯಾಕೆ?
– ಓದುಗರೊಬ್ಬರು, ಉಡುಪಿ

ಉತ್ತರ: ನಮ್ಮೂರಿನ ಹಳೆಯ ಕೆಂಪುಕಲ್ಲಿನ ಬಾವಿಯೊಂದನ್ನು ಬಗ್ಗಿ ನೋಡಿ. ಸುತ್ತಲ ಮಣ್ಣು ಒತ್ತಿದಷ್ಟೂ ಉರುಟು ಸಾಲಿನ ಕಲ್ಲುಗಳು ಒಂದಕ್ಕೊಂದು ಬಿಗಿಯುತ್ತವೆ. ಯಾವುದಕ್ಕೂ ಒಳಗೆ ಜಾರಲು ಎಡೆಯಿಲ್ಲ. ಮೇಲೇರಿದಂತೆ ಕಿರಿದಾಗುತ್ತಾ ಹೋಗುವ ಬಾವಿಯೇ ಈ ಸಮಾಧಿ. (ಮರದಲ್ಲಿ ತೂಗುವ ಎರಿಯನ್ನು ನೆನೆಯಬೇಡಿ, ಇದು ಹುಲ್ಲಿನಿಂದ ಹೆಣೆದು ಮಗುಚಿಟ್ಟ ಜೇನುಬುಟ್ಟಿಯ ಆಕಾರ.)

ಗುಡ್ಡದ ಓರೆಯಲ್ಲಿ ಮೊದಲು ಉರುಟು ಗುಂಡಿ ತೋಡಿ, ಒಂದು ಬದಿಯಿಂದ ಅದಕ್ಕೆ ದಾರಿ ಕಡಿಯುತ್ತಿದ್ದರು. ಪ್ರತಿ ಸಾಲನ್ನೂ ಕೆಳಗಿನದಕ್ಕಿಂತ ತುಸು ಒಳಕ್ಕೆ ಚಾಚಿಸಿ, ಹಿಂಬದಿಗೆ ಜಲ್ಲಿಕಲ್ಲು, ಜೇಡಿ ತುಂಬಬೇಕು. ಆ ಭಾರವೇ ಕಲ್ಲಿನ ಬಾಲವನ್ನು ಅದುಮಿ ಹಿಡಿಯುತ್ತದೆ. ಒಳಗೆ ಉಳಿದ ಮೂಲೆಗಳನ್ನು ಕೆತ್ತಿ ನುಣುಪಾಗಿಸಿದರೆ ಗುಮ್ಮಟ. ಕ್ರಿ.ಪೂ. 14–13ನೇ ಶತಮಾನದ, ಗ್ರೀಕ್ ಪುರಾಣದ ರಾಜನೊಬ್ಬನ ಹೆಸರಲ್ಲಿ 'ಆಟ್ರಿಯಸ್‌ನ ಖಜಾನೆ' ಎಂದು ಕರೆಯುವ ಸಮಾಧಿಯಲ್ಲಿ ಇಂಥ 33 ಸಾಲುಗಳಿವೆ. ಅಡ್ಡಳತೆ ಸುಮಾರು 14.5 ಮೀಟರ್, ಎತ್ತರ 13 ಮೀಟರಿಗೂ ಹೆಚ್ಚು. ಅದು ಖಜಾನೆಯಲ್ಲ, ಹೆಸರು ಮಾತ್ರ ಹಾಗೆ ಉಳಿದಿದೆ.

ಕಷ್ಟವಿರುವುದು ಬಾಗಿಲಲ್ಲಿ. ಅಲ್ಲಿ ಕಲ್ಲುಸಾಲಿನ ಬಳೆ ತುಂಡಾಗುತ್ತದೆ. ಅದಕ್ಕಾಗಿಯೇ ಬಾಗಿಲ ಮೇಲೆ ಸುಮಾರು 120 ಟನ್ನಿನ ತೊಲೆಗಲ್ಲು, ಅದರ ಒಳಮುಖವೂ ಗೋಡೆಯ ಬಾಗಿಗೆ ತಕ್ಕಂತೆ ಕೆತ್ತಿದ್ದು. ಆ ಕಲ್ಲು ನಡುವೆ ಬಿರಿಯದಂತೆ ಮೇಲೆ ತ್ರಿಕೋನದ ಖಾಲಿ ಜಾಗ ಬಿಟ್ಟು, ಭಾರವನ್ನು ಎರಡೂ ಪಕ್ಕಕ್ಕೆ ಹರಿಸಿದ್ದಾರೆ. ತೆಳು ಕಲ್ಲಿನ ಹಲಗೆ ಅದನ್ನು ಮರೆಮಾಡುತ್ತಿತ್ತು.

ಮೇಲಿನ ಮಣ್ಣಿನ ದಿಬ್ಬ ಬರಿಯ ಅಲಂಕಾರವಲ್ಲ. ಅದು ಕೊಚ್ಚಿಹೋದರೆ ಒತ್ತುವ ಭಾರ ತಪ್ಪುತ್ತದೆ, ನೀರು ಇಳಿದು ಜೇಡಿ ಕರಗುತ್ತದೆ, ಸಾಲು ಸಡಿಲವಾಗುತ್ತದೆ. ಆದರೂ ತುದಿ ಬಿದ್ದರೆ ಎಲ್ಲವೂ ಬೀಳಬೇಕೆಂದಿಲ್ಲ. ಪ್ರತಿ ಬಳೆಯೂ ತನ್ನಷ್ಟಕ್ಕೆ ಬಿಗಿಯಾಗಿರುತ್ತದೆ. ಮೈಸೀನಿಯಲ್ಲೇ ಇರುವ 'ಸಿಂಹ ಸಮಾಧಿ'ಯ ಮಾಡು ಕುಸಿದಿದೆ, ಕೆಳಗಿನ ಗೋಡೆ ನಿಂತಿದೆ.

ಇನ್ನು ಬಾಗಿಲಿನ ಮಾತು. ಇವು ಹೆಚ್ಚಾಗಿ ಒಬ್ಬರಿಗಾಗಿ ಕಟ್ಟಿದವಲ್ಲ, ಆಳುವ ಮನೆತನಕ್ಕೆ ಕಟ್ಟಿದವು. ಹೂಳಿದ ಬಳಿಕ ಬಾಗಿಲಿಗೆ ಕಲ್ಲು ಕಟ್ಟಿ, ದಾರಿಗೆ ಮಣ್ಣು ತುಂಬುತ್ತಿದ್ದರು. ಮನೆಯಲ್ಲಿ ಮತ್ತೊಂದು ಸಾವಾದಾಗ ಎಲ್ಲವನ್ನೂ ಅಗೆದು ತೆಗೆದು, ಹಳೆಯ ಎಲುಬುಗಳನ್ನು ಬದಿಗೆ ಸರಿಸಿ ಜಾಗ ಮಾಡುತ್ತಿದ್ದರು. ಆಟ್ರಿಯಸ್‌ನ ಸಮಾಧಿಯ ದಾರಿಯೇ 36 ಮೀಟರ್ ಉದ್ದ, 6 ಮೀಟರ್ ಅಗಲ. ಶವ ಹೊತ್ತವರ ಹಿಂದೆ ಊರೇ ನಡೆದು ಬರುವಷ್ಟು ಜಾಗ ಅದು. ಹೊರಮುಖದ ಹಸಿರು ಕಲ್ಲಿನ ಕಂಬಗಳನ್ನು ಕೆತ್ತಿದ್ದು ಸತ್ತವರಿಗಿಂತಲೂ ಆ ಜನ ನೋಡಲಿ ಎಂದೇ.