ಮಾರಾಟದ ಶೇ. 3 ದಾನಕ್ಕೆ ಕೊಡುವ ಫ್ರಾಂಚೈಸಿಯನ್ನು ಕುಂಬಳೆಯಲ್ಲಿ ಹಾಕಬಹುದೇ?

ಮಾರಾಟದಲ್ಲಿ ಶೇ. 3 ದಾನಕ್ಕೆ ಹೋಗುತ್ತದೆ, ಆ ಹೆಸರಿಗೇ ಗಿರಾಕಿಗಳು ಬರುತ್ತಾರೆ ಎಂದು ಕಂಪೆನಿಯವರು ನಿಮಗೆ ಹೇಳಿದ್ದಾರೆ. ಬ್ರೋಸ್ಟೆಡ್ ಚಿಕನ್ ಅಂಗಡಿ ಹಾಕುವಾಗ ನನ್ನ ಮುಂದಿಟ್ಟ ಒಪ್ಪಂದದಲ್ಲೂ ಇದೇ ಸಾಲು ಇತ್ತು.

ಮೊದಲು ಆ ಶೇ. 3 ಯಾವುದರ ಮೇಲೆ ಅಂತ ನೋಡಿ. ಲಾಭದ ಮೇಲಾದರೆ ಸರಿ. ‘ಒಟ್ಟು ಮಾರಾಟ’ ಅಂತಿದ್ದರೆ ಸಹಿ ಹಾಕಲೇಬೇಡಿ. ತಿಂಗಳಿಗೆ 6 ಲಕ್ಷ ವ್ಯಾಪಾರ ಅಂದುಕೊಳ್ಳಿ. ಕೋಳಿ, ಎಣ್ಣೆ, ಮಸಾಲೆ, ಬನ್ನಿಗೆ 2.40 ಲಕ್ಷ, ಪ್ಯಾಕಿಂಗಿಗೆ 24 ಸಾವಿರ, ಸಂಬಳ 1.10 ಲಕ್ಷ, ಬಾಡಿಗೆ 45 ಸಾವಿರ, ಕರೆಂಟು-ಗ್ಯಾಸು 40 ಸಾವಿರ. ಡೆಲಿವರಿ ಆ್ಯಪ್‌ನ ಕಮಿಷನ್ 37 ಸಾವಿರದ ಹತ್ತಿರ. ಕಂಪೆನಿಯ ಹೆಸರು ಬಳಸುವುದಕ್ಕೆ ಕಟ್ಟುವ ರಾಯಲ್ಟಿ ಶೇ. 6 ಅಂದರೆ 36 ಸಾವಿರ, ಅದರ ಮೇಲೆ ಶೇ. 18 ಜಿಎಸ್‌ಟಿ. ಹೋಟೆಲಿನವರು ಶೇ. 5 ಜಿಎಸ್‌ಟಿ ಹಾಕಿ ಬಿಲ್ ಕೊಡುವುದರಿಂದ ಇನ್‌ಪುಟ್ ಕ್ರೆಡಿಟ್ (ನೀವು ಕಟ್ಟಿದ ತೆರಿಗೆಯ ವಜಾ) ಸಿಗುವುದಿಲ್ಲ, ಆ ಆರೂವರೆ ಸಾವಿರ ಪೂರ್ತಿ ನಿಮ್ಮ ಕೈಯಿಂದಲೇ. ಕೊನೆಗೆ ಉಳಿಯುವುದು 61 ಸಾವಿರ. ದಾನ 18 ಸಾವಿರ. ಕಾಗದದ ಮೇಲಿನ ಶೇ. 3 ನಿಮ್ಮ ಲಾಭದಲ್ಲಿ ಸುಮಾರು ಶೇ. 30 ಆಯಿತು.

ಇನ್ನು ಆಟಿ ತಿಂಗಳ ಮಳೆಗೆ ವ್ಯಾಪಾರ 4 ಲಕ್ಷಕ್ಕೆ ಇಳಿದರೂ ಬಾಡಿಗೆ, ಸಂಬಳ, ಕರೆಂಟು-ಗ್ಯಾಸು ಇಳಿಯುವುದಿಲ್ಲ. ಆಗ 24 ಸಾವಿರ ನಷ್ಟ. ದಾನದ 12 ಸಾವಿರವನ್ನು ಆಗಲೂ ಕಟ್ಟಬೇಕು, ಅದೂ ಸಾಲ ಮಾಡಿ.

ದಾನದ ಬೋರ್ಡು ನೋಡಿ ಗಿರಾಕಿ ಬರುತ್ತಾರೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. 2022ರಲ್ಲಿ ನಮ್ಮ ಕಾಸರಗೋಡಿನ ಚೆರ್ವತ್ತೂರಿನಲ್ಲಿ ಶವರ್ಮ ತಿಂದ ಹುಡುಗಿ ತೀರಿಕೊಂಡ ಮೇಲೆ ನಮ್ಮ ಜಿಲ್ಲೆಯವರು ಮೊದಲು ನೋಡುವುದು ಫ್ರಿಜ್ಜು, ಎಣ್ಣೆಯ ಬಣ್ಣ, ಮಯೋನೀಸ್. ಹಸಿ ಮೊಟ್ಟೆಯ ಮಯೋನೀಸನ್ನು ಕೇರಳ ಸರ್ಕಾರ 2023ರ ಜನವರಿಯಲ್ಲೇ ನಿಷೇಧಿಸಿದೆ. ಕಂಪೆನಿ ಯಾವ ಮಯೋನೀಸ್ ಕಳಿಸುತ್ತದೆ ಅಂತ ಮೊದಲು ಕೇಳಿ.

ಹಾಗಂತ ದಾನವೇ ಬೇಡ ಅನ್ನುತ್ತಿಲ್ಲ. ಮೆಕ್‌ಡೊನಾಲ್ಡ್ಸ್ ಹೆಸರಿನ ಜೊತೆ ಸೇರಿಹೋಗಿರುವ ರೊನಾಲ್ಡ್ ಮೆಕ್‌ಡೊನಾಲ್ಡ್ ಹೌಸ್ 1974ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾದಾಗ ಹಣದ ಒಂದು ಪಾಲು ಬಂದದ್ದು ಶಾಮ್‌ರಾಕ್ ಶೇಕ್ ಎಂಬ ಒಂದೇ ಪಾನೀಯದ ಮಾರಾಟದಿಂದ. ಆಸ್ಪತ್ರೆಯಲ್ಲಿರುವ ಮಕ್ಕಳ ಅಪ್ಪ-ಅಮ್ಮ ಹತ್ತಿರದಲ್ಲೇ ಉಳಿಯಲು ಒಂದು ಮನೆ ಬೇಕಿತ್ತು. ಆಸ್ಪತ್ರೆಗಳಿರುವ ದೇರಳಕಟ್ಟೆಯಲ್ಲಿ ರೂಮು ಹುಡುಕಿ ಅಲೆದವರಿಗೆ ಅದರ ಬೆಲೆ ಗೊತ್ತು.

ನೀವೂ ಒಂದೇ ಐಟಮ್ ಇಟ್ಟುಕೊಳ್ಳಿ. ಚಿಕನ್ ಬೇಡ, ಕೋಳಿ ದರ ಯಾವಾಗ ಏರುತ್ತದೆಂದು ಹೇಳಲಾಗದು. 30 ರೂಪಾಯಿಯ ಲೈಮ್ ಸೋಡಾ ಆದರೆ ಒಂದು ಗ್ಲಾಸಿಗೆ 5 ರೂಪಾಯಿ ಧಾರಾಳವಾಗಿ ಕೊಡಬಹುದು. ಅದನ್ನು ಎಂಡೋಸಲ್ಫಾನ್ ಪೀಡಿತ ಮಕ್ಕಳು ಹೋಗುವ ಪಂಚಾಯತಿನ ಬಡ್ಸ್ ಶಾಲೆಗೆ ತಿಂಗಳ ಕೊನೆಗೆ ಕಟ್ಟಿ ರಸೀದಿಯನ್ನು ಕೌಂಟರಿನಲ್ಲಿ ಅಂಟಿಸಿ. ಗಿರಾಕಿಗಳು ತಾವಾಗಿ ಕೊಡುವ ಹಣ ಮಾತ್ರ ನಿಮ್ಮ ಕ್ಯೂಆರ್‌ಗೆ ಬರಕೂಡದು. ಬಂದರೆ ಅದು ನಿಮ್ಮ ಮಾರಾಟದಂತೆ ಕಾಣುತ್ತದೆ, ರಾಯಲ್ಟಿಯ ಲೆಕ್ಕಕ್ಕೂ ಸೇರಿಬಿಡಬಹುದು. ದಾನ ಪಡೆಯುವ ಸಂಸ್ಥೆಯದ್ದೇ ಕ್ಯೂಆರ್ ಇಡಿ.

ಮುಂಗಡ ಕೊಡುವ ಮೊದಲೇ ಆ ಸಾಲನ್ನು ‘ನಿವ್ವಳ ಲಾಭದ ಮೇಲೆ, ಲಾಭವಿಲ್ಲದ ತಿಂಗಳು ಇಲ್ಲ’ ಅಂತ ತಿದ್ದಿಸಿ. ಕಳೆದ ವರ್ಷ ದಾನ ಪಡೆದ ಸಂಸ್ಥೆಯ ರಸೀದಿಯನ್ನೂ ಕೇಳಿ. ಎರಡರಲ್ಲಿ ಯಾವುದಾದರೂ ಒಂದಕ್ಕೆ ಒಪ್ಪದಿದ್ದರೂ ಬೇರೆ ಫ್ರಾಂಚೈಸಿ ನೋಡಿ.